ಕೆಲಸದ ನೆಲೆಯಲ್ಲಿ ಸೋಂಕು: ಲೆಕ್ಕ ಹಾಕಬೇಕಾದವರು ಯಾರು?

ಚಳಿ ಇಳಿಯುವ ಹೊತ್ತಿಗೆ ಬೇಲೂರಿನ ಪಶ್ಚಿಮದ ತೋಟಗಳಲ್ಲಿ ಕಾಫಿ ಕುಯ್ಲು ಆರಂಭವಾಗುತ್ತದೆ. ಹಳೇಬೀಡಿನ ಸುತ್ತಮುತ್ತ ಕಣಗಳು ಸಿದ್ಧವಾಗುತ್ತವೆ. ಅರಸೀಕೆರೆಯ ಬಯಲಿನಲ್ಲಿ ರಾಗಿ ಕೊಯ್ದ ಹೊಲಗಳಿಗೆ ಕುರಿಮಂದೆಗಳು ಇಳಿಯುತ್ತವೆ. ವರ್ಷದ ದುಡಿಮೆ ಕೈಗೆ ಬರುವ ಈ ಕಾಲವೇ ಜ್ವರದ ಕಾಲವೂ ಆಗಿರುವುದು ಮಲೆನಾಡಿನ ಅಂಚಿನ ಜನಕ್ಕೆ ಹೊಸ ಸಂಗತಿಯಲ್ಲ. ಆದರೆ ಆ ಜ್ವರಕ್ಕೂ ಆ ದುಡಿಮೆಗೂ ಇರುವ ನಂಟನ್ನು ವಿಚಾರಿಸುವ ರೂಢಿ ಮಾತ್ರ ಇನ್ನೂ ಬೆಳೆದಿಲ್ಲ. ‘ಹವಾಮಾನ ಬದಲಾಯಿತು’, ‘ನೀರು ಒಗ್ಗಲಿಲ್ಲ’ ಎಂಬ ಮಾತಿನಲ್ಲಿ ವಿಚಾರಣೆ ಮುಗಿದುಹೋಗುತ್ತದೆ. ಜ್ವರ ಬಂದ ಆಳು ಮೂರು ದಿನದ ಕೂಲಿ ಕಳೆದುಕೊಂಡು, ಮಾತ್ರೆ ನುಂಗಿ, ನಾಲ್ಕನೆಯ ದಿನ ಅದೇ ಕೆಲಸಕ್ಕೆ ಮರಳುತ್ತಾನೆ. ಮರಳದೆ ಹೋದರೆ ಅದು ಆತನ ಹಣೆಬರಹ ಎನ್ನಿಸಿಕೊಳ್ಳುತ್ತದೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗೆಗೆ ಒಂದು ಗ್ರಂಥ ಪ್ರಕಟಿಸಿದ. ವೈದ್ಯನಾದವನು ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬೇನು?’ ಎಂಬ ಪ್ರಶ್ನೆಯನ್ನೂ ಸೇರಿಸಬೇಕೆಂಬುದು ಆತನ ಹಿರಿಯ ಉಪದೇಶ. ಮುನ್ನೂರು ವರ್ಷ ದಾಟಿದರೂ ಹಳ್ಳಿಯ ಚಿಕಿತ್ಸಾಲಯದ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತವೆ; ಕಸುಬಿನ ಜಾಗ ಸಾಮಾನ್ಯವಾಗಿ ಖಾಲಿಯೇ. ಆ ಖಾಲಿ ಜಾಗದಲ್ಲಿಯೇ ಅನೇಕ ಜ್ವರಗಳ ಮೂಲ ಅಡಗಿದೆ.

ಅಪಾಯ ಬೇರೆ, ಒಡ್ಡಿಕೊಳ್ಳುವಿಕೆ ಬೇರೆ

ಸೋಂಕಿನ ಲೆಕ್ಕಾಚಾರದಲ್ಲಿ ಮೊದಲು ತಿಳಿಯಬೇಕಾದ ವ್ಯತ್ಯಾಸವೊಂದಿದೆ. ಕಾಡಿನ ತರಗೆಲೆಯಲ್ಲಿ ಉಣುಗು ಇರುವುದು ಒಂದು ಸಂಗತಿ. ಆ ತರಗೆಲೆಯನ್ನು ಬರಿಗೈಯಲ್ಲಿ ಬಾಚಿ, ತಲೆಯ ಮೇಲೆ ಹೊತ್ತು, ಕೊಟ್ಟಿಗೆಗೆ ತಂದು ಹಾಸುವುದು ಇನ್ನೊಂದು ಸಂಗತಿ. ಮೊದಲನೆಯದು ಪ್ರಕೃತಿಯದು. ಎರಡನೆಯದು ಕೆಲಸದ ಕ್ರಮಕ್ಕೆ ಸೇರಿದ್ದು. ರೋಗಾಣು ಎಲ್ಲಿದೆ ಎಂಬುದಷ್ಟನ್ನೇ ತಿಳಿದರೆ ಸಾಲದು. ಯಾರು, ಯಾವ ತಿಂಗಳಲ್ಲಿ, ಎಷ್ಟು ಹೊತ್ತು, ಮೈಯ ಯಾವ ಭಾಗದಿಂದ ಅದಕ್ಕೆ ಒಡ್ಡಿಕೊಳ್ಳುತ್ತಾರೆ ಎಂಬುದನ್ನು ಅಳೆಯಬೇಕು. ಒಂದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರಿಗೂ ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸುವ ಹೆಣ್ಣಾಳಿಗೂ ಇರುವ ಅಪಾಯ ಒಂದೇ ಅಲ್ಲ. ‘ಈ ಊರಿನಲ್ಲಿ ರೋಗವಿದೆ’, ‘ಈ ಊರಿನಲ್ಲಿ ಇಲ್ಲ’ ಎಂಬ ಸರ್ಕಾರಿ ನಕ್ಷೆ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಮಂಗನ ಕಾಯಿಲೆಯ ಕಥೆ ಇದಕ್ಕೆ ಹತ್ತಿರದ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಅದರ ಬೆನ್ನಿಗೇ ಕಾಡಿಗೆ ಹೋಗಿಬರುತ್ತಿದ್ದ ಹಳ್ಳಿಗರು ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದು ಹಿಂದೆಂದೂ ಕಾಣದ ವೈರಾಣುವೆಂದು ಗುರುತಿಸಿ ಆ ಕಾಡಿನ ಹೆಸರನ್ನೇ ಇಟ್ಟರು. ಹರಡುವುದು ಉಣುಗಿನ ಕಡಿತದಿಂದ. ಮನುಷ್ಯನಿಂದ ಮನುಷ್ಯನಿಗೆ ಅಲ್ಲ. ಉಣುಗಿನ ಎಳೆಯ ಹಂತದ ಮರಿಗಳು ಹೆಚ್ಚಾಗಿ ಚಟುವಟಿಕೆಯಿಂದಿರುವುದು ನವೆಂಬರ್‌ನಿಂದ ಮೇ ತಿಂಗಳವರೆಗೆ. ಅಡಿಕೆ ಕೊಯ್ಲು, ಕಾಫಿ ಕುಯ್ಲು, ಸೌದೆ ಸಂಗ್ರಹ, ದರಗು ಗುಡಿಸುವುದು, ಗೇರುಬೀಜ ಆರಿಸುವುದು ಎಲ್ಲವೂ ನಡೆಯುವುದು ಈ ತಿಂಗಳುಗಳಲ್ಲಿಯೇ. ಆದುದರಿಂದ ಇದನ್ನು ಕಾಡಿನ ರೋಗ ಎನ್ನುವುದಕ್ಕಿಂತ ಕಾಡಂಚಿನ ಕೆಲಸದ ರೋಗ ಎನ್ನುವುದೇ ಹೆಚ್ಚು ಸರಿ.

ಅನಂತರದ ಇತಿಹಾಸವೂ ಇದನ್ನೇ ಹೇಳುತ್ತದೆ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುವ ಸಲುವಾಗಿ ದಟ್ಟ ಕಾಡನ್ನು ಕಡಿದಾಗ ರೋಗ ಭುಗಿಲೆದ್ದು, ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಕಳೇಬರಗಳ ವಿಲೇವಾರಿಗೆ ಹೋದ ಕೆಲಸಗಾರರಲ್ಲಿ ರೋಗ ಕಾಣಿಸಿತು. ಅನಂತರದ ವರ್ಷಗಳಲ್ಲಿ ಕೇರಳದ ವಯನಾಡಿನ ಬುಡಕಟ್ಟು ಜನ, ಗೋವಾದ ಗೇರುತೋಟದ ಕೂಲಿಗಳು, ಮಹಾರಾಷ್ಟ್ರದ ಸಿಂಧುದುರ್ಗದ ಹಳ್ಳಿಗರು ಇದಕ್ಕೆ ತುತ್ತಾದರು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸಾವುಗಳನ್ನು ಕಂಡಿತು. 2024ರ ಹಂಗಾಮಿನಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯೂ ನಲುಗಿತು. ಬೇಲೂರು ತಾಲ್ಲೂಕು ಆ ಚಿಕ್ಕಮಗಳೂರು ಜಿಲ್ಲೆಗೆ ಅಂಟಿಕೊಂಡೇ ಇದೆ. ಉಣುಗಾಗಲಿ ಮುಸುವವಾಗಲಿ ಜಿಲ್ಲೆಯ ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ.

ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. ಈ ವೈರಾಣು ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ಚರಿತ್ರೆಯುಳ್ಳದ್ದು. ಹಾಗಾಗಿ ಅದನ್ನು ಇಂದು ಅತ್ಯಂತ ಬಿಗಿಯಾದ ಸುರಕ್ಷತೆಯುಳ್ಳ ಕೊಠಡಿಗಳಲ್ಲಿ, ಮೈತುಂಬ ಕವಚ ತೊಟ್ಟು, ಸೋಸಿದ ಗಾಳಿಯಲ್ಲಿ ನಿಂತು ಮುಟ್ಟಲಾಗುತ್ತದೆ. ಇದು ಸರಿಯಾದ ಕ್ರಮವೇ. ಆದರೆ ಅದೇ ವೈರಾಣುವಿನ ಎದುರು ತೋಟದ ಹೆಣ್ಣಾಳು ಹವಾಯಿ ಚಪ್ಪಲಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿದ ಸೀರೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಾಳೆ. ಪ್ರಯೋಗಾಲಯಕ್ಕೆ ಅಪಾಯದ ಲೆಕ್ಕವಿದೆ, ತೋಟಕ್ಕೆ ಇಲ್ಲ. ವೈರಾಣುವಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಇರುವುದು ದುಡಿಯುವವರ ಬೆಲೆಯಲ್ಲಿ.

ಮೂರು ಊರು, ಮೂರು ಬಗೆ

ಮಂಗನ ಕಾಯಿಲೆಯೊಂದೇ ಈ ಸೀಮೆಯ ಕೆಲಸದ ಸೋಂಕಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳು ಒಂದೇ ಜಿಲ್ಲೆಯಲ್ಲಿದ್ದರೂ ನೆಲ, ನೀರು, ಕಸುಬು ಬೇರೆ ಬೇರೆ. ಅದರಂತೆ ಒಡ್ಡಿಕೊಳ್ಳುವ ಬಗೆಯೂ ಬೇರೆ.

ಬೇಲೂರಿನ ಭಾಗದಲ್ಲಿ ತೋಟದ ಉಣುಗಿನ ಜೊತೆಗೆ ಗದ್ದೆಯ ನೀರೂ ಇದೆ. ಯಗಚಿಯ ಆಸುಪಾಸಿನ ಗದ್ದೆಯಲ್ಲಿ, ಕಾಲುವೆ ಹೂಳೆತ್ತುವಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ ಮಳೆಗಾಲವಿಡೀ ಬರಿಗಾಲಿನಲ್ಲಿ ನಿಂತು ದುಡಿಯುವವರಿಗೆ ಇಲಿ ಜ್ವರದ ಭಯವಿದೆ. ಇಲಿ, ದನ, ನಾಯಿ, ಹಂದಿಗಳ ಮೂತ್ರದಿಂದ ನೀರಿಗೆ ಸೇರುವ ಸುರುಳಿಯಾಕಾರದ ಬ್ಯಾಕ್ಟೀರಿಯಾ, ಕಾಲಿನ ಬಿರುಕಿನಿಂದಲೋ ಗಾಯದಿಂದಲೋ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದಿಂದಲೋ ಒಳಹೊಕ್ಕುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಗುರುತುಗಳು. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೀವಕಗಳಿಂದಲೇ ಗುಣವಾಗುವ ಕಾಯಿಲೆ. ತಡವಾದರೆ ಯಕೃತ್ತು, ಮೂತ್ರಪಿಂಡಗಳನ್ನು ಹಾಳುಗೆಡವಿ ಪ್ರಾಣ ತೆಗೆಯಬಲ್ಲದು. ಕಾಮಾಲೆ ಕಂಡೊಡನೆ ನಾಟಿಮದ್ದಿಗೆ ಓಡುವ ರೂಢಿಯಿರುವಲ್ಲಿ ‘ಗದ್ದೆಯ ನೀರಿನಲ್ಲಿ ಕೆಲಸ ಮಾಡಿದ್ದೆ’ ಎಂಬ ಒಂದು ಮಾತು ಜೀವ ಉಳಿಸಬಹುದು.

ಅರಸೀಕೆರೆಯದು ತೆಂಗು, ರಾಗಿ, ಕುರಿ, ಹಸುಗಳ ಬಯಲು. ಅಲ್ಲಿಯ ಸೋಂಕು ಕೊಟ್ಟಿಗೆಯಲ್ಲಿದೆ. ಹಸು ಅಥವಾ ಕುರಿ ಅಕಾಲದಲ್ಲಿ ಕಂದು ಹಾಕಿದಾಗ ಮಾಸನ್ನು ಬರಿಗೈಯಿಂದ ತೆಗೆದು ತಿಪ್ಪೆಗೆ ಎಸೆಯುವುದು ಮನೆಯ ಹೆಂಗಸರ ಅಥವಾ ಕುರಿಗಾಹಿಯ ಕೆಲಸ. ಕಂದು ಹಾಕಲು ಬ್ರುಸೆಲ್ಲಾ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಆ ಮಾಸಿನಲ್ಲಿ, ದ್ರವದಲ್ಲಿ ಅದು ಹೇರಳವಾಗಿರುತ್ತದೆ. ಮನುಷ್ಯನಿಗೆ ತಗುಲಿದರೆ ಏರಿಳಿಯುವ ಜ್ವರ, ರಾತ್ರಿಯ ಬೆವರು, ಬೆನ್ನು ಹಾಗೂ ಕೀಲುಗಳ ನೋವು ತಿಂಗಳುಗಟ್ಟಲೆ ಕಾಡುತ್ತವೆ. ವಯಸ್ಸಿನ ನೋವು, ದುಡಿಮೆಯ ದಣಿವು ಎಂದು ತಳ್ಳಿಹಾಕಲ್ಪಡುವುದು ಇದರ ವಿಶೇಷ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ವಿರುದ್ಧ ಲಸಿಕೆ ಹಾಕಲಾಗುತ್ತಿದೆ. ಅದು ಸ್ವಾಗತಾರ್ಹ. ಆದರೆ ಈ ಲಸಿಕೆ ಜೀವಂತ ಬ್ಯಾಕ್ಟೀರಿಯಾದಿಂದ ಮಾಡಿದ್ದು. ಒದೆಯುವ ಕರುವನ್ನು ಹಿಡಿದು ಚುಚ್ಚುವಾಗ ಸೂಜಿ ಜಾರಿ ಕೈಗೆ ತಗುಲಿದರೆ ಲಸಿಕೆ ಹಾಕುವವನೇ ರೋಗಿಯಾಗಬಲ್ಲ. ರೋಗ ತಡೆಯುವ ಕೆಲಸಕ್ಕೂ ಅಪಾಯದ ಲೆಕ್ಕ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಹಳೇಬೀಡು ಮತ್ತು ಬೇಲೂರಿನ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ದೇಗುಲದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಶಿಲೆಗೆ ಸಿಕ್ಕ ಗೌರವ ಎಲ್ಲರಿಗೂ ಹೆಮ್ಮೆಯದೇ. ಯಾತ್ರಿಕರು ಬಿಟ್ಟುಹೋಗುವ ಎಂಜಲೆಲೆ, ಒಡೆದ ಗಾಜು, ಬಳಸಿದ ಡಯಾಪರ್, ಚರಂಡಿಯ ಹೂಳು ಇವುಗಳನ್ನು ಎತ್ತುವ ಕೈಗಳಿಗೆ ಮಾತ್ರ ಯಾವ ಪಟ್ಟಿಯಲ್ಲಿಯೂ ಜಾಗ ದೊರೆತಿಲ್ಲ. ಚರಂಡಿಯಲ್ಲಿ ಇಲಿ ಜ್ವರವಿದೆ, ಕಸದ ನಡುವಿನ ಸೂಜಿಯಲ್ಲಿ ಕಾಮಾಲೆಯ ವೈರಾಣು ಇರಬಹುದು. ಕಸ ವಿಂಗಡಿಸದೆ ಚೆಲ್ಲುವ ಪ್ರತಿಯೊಬ್ಬನೂ ಆ ಕೆಲಸಗಾರನ ಅಪಾಯವನ್ನು ಹೆಚ್ಚಿಸುತ್ತಾನೆ.

ಐದು ಪ್ರಶ್ನೆಗಳು

ಅಪಾಯದ ಲೆಕ್ಕ ಎಂದರೆ ದೊಡ್ಡ ತಜ್ಞರು ದೊಡ್ಡ ಯಂತ್ರ ಹಿಡಿದು ಮಾಡುವ ಕೆಲಸವೆಂದು ಭಾವಿಸಬೇಕಾಗಿಲ್ಲ. ತೋಟದ ಮಾಲೀಕ, ಮೇಸ್ತ್ರಿ, ಆಳುಗಳು, ಆಶಾ ಕಾರ್ಯಕರ್ತೆ ಒಂದೆಡೆ ಕುಳಿತು ಐದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ಕೆಲಸದಲ್ಲಿ ಯಾವ ಪ್ರಾಣಿ, ಯಾವ ನೀರು, ಯಾವ ಕೊಳಕು ಮೈಗೆ ತಾಗುತ್ತದೆ? ತಾಗುವುದು ಯಾರಿಗೆ, ಅವರಲ್ಲಿ ಬಸುರಿಯರು, ವೃದ್ಧರು, ಗಾಯವಿರುವವರು ಇದ್ದಾರೆಯೇ? ಯಾವ ತಿಂಗಳಲ್ಲಿ, ದಿನಕ್ಕೆ ಎಷ್ಟು ಹೊತ್ತು? ತಗುಲಿದರೆ ಆಗುವ ಹಾನಿ ಎಷ್ಟು ದೊಡ್ಡದು, ಚಿಕಿತ್ಸೆ ಎಷ್ಟು ದೂರದಲ್ಲಿದೆ? ಈಗ ಇರುವ ರಕ್ಷಣೆ ಏನು, ಅದು ನಿಜವಾಗಿ ಬಳಕೆಯಾಗುತ್ತಿದೆಯೇ? ಕೊನೆಯ ಪ್ರಶ್ನೆಗೆ ಉತ್ತರವನ್ನು ಮಾಲೀಕನಿಂದಲ್ಲ, ಆಳಿನಿಂದ ಕೇಳಬೇಕು. ಗೋಡೌನಿನ ಮೂಲೆಯಲ್ಲಿ ಬಿದ್ದಿರುವ ಗಂಬೂಟು ಯಾರ ಕಾಲನ್ನೂ ಕಾಯುವುದಿಲ್ಲ.

ಉತ್ತರ ಸಿಕ್ಕ ಮೇಲೆ ಕ್ರಮಕ್ಕೂ ಒಂದು ಸರದಿಯಿದೆ. ಮೊದಲನೆಯದು ಅಪಾಯದ ಕೆಲಸವನ್ನೇ ತಪ್ಪಿಸಲು ಸಾಧ್ಯವೇ ಎಂದು ನೋಡುವುದು: ಮಂಗ ಸತ್ತ ಕಾಡಿನಿಂದ ಆ ಹಂಗಾಮಿನಲ್ಲಿ ದರಗು ತರದೆ, ಕೊಟ್ಟಿಗೆಗೆ ಹುಲ್ಲನ್ನೋ ಭತ್ತದ ಹೊಟ್ಟನ್ನೋ ಹಾಸುವುದು. ಎರಡನೆಯದು ಕೆಲಸದ ಕ್ರಮ ಬದಲಿಸುವುದು: ಗದ್ದೆಯ ನೀರನ್ನು ಬಸಿದು ಇಳಿಯುವುದು, ಕಾಲಿಗೆ ಗಾಯವಿರುವವರನ್ನು ಒಣ ಕೆಲಸಕ್ಕೆ ಹಾಕುವುದು, ಕಂದು ಹಾಕಿದ ಮಾಸನ್ನು ತಿಪ್ಪೆಗೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವುದು. ಮೂರನೆಯದು ಸೌಕರ್ಯ: ಕೆಲಸ ಮುಗಿದೊಡನೆ ಬಿಸಿನೀರು, ಸೋಪು, ಬಟ್ಟೆ ಬದಲಿಸಲು ಮರೆಯ ಜಾಗ. ಕೈಗವಸು, ಗಂಬೂಟು, ಉಣುಗು ವಿಕರ್ಷಕ ತೈಲಗಳು ಬರುವುದು ನಾಲ್ಕನೆಯ ಸ್ಥಾನದಲ್ಲಿ. ಆದರೆ ವಾಡಿಕೆಯಲ್ಲಿ ಈ ಸರದಿ ತಿರುಗುಮುರುಗಾಗಿದೆ. ಒಂದು ಬಾಟಲಿ ತೈಲ ಹಂಚಿ ಹೊಣೆ ಕಳೆದುಕೊಳ್ಳುವುದು ಸುಲಭ. ಬಿಸಿಲಿನಲ್ಲಿ ಬೆವರಿದ ಮೈಯ ಮೇಲೆ ಆ ತೈಲ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುವವರಿಲ್ಲ.

ಲಸಿಕೆಯ ಮೇಲೆ ಭಾರ ಹಾಕಿ ಸುಮ್ಮನಿರುವಂತೆಯೂ ಇಲ್ಲ. ಮಂಗನ ಕಾಯಿಲೆಗೆ ದಶಕಗಳ ಕಾಲ ಬಳಸಿದ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ಈ ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ. ಆಸ್ಪತ್ರೆಯ ಆರೈಕೆಯೇ ಆಧಾರ. ಎಂದಮೇಲೆ ಒಡ್ಡಿಕೊಳ್ಳುವಿಕೆಯನ್ನು ಕಡಿಮೆ ಮಾಡುವುದೊಂದೇ ಕೈಯಲ್ಲಿರುವ ದಾರಿ.

ಹೊಣೆ ಯಾರದು?

ಕೆಲಸದಿಂದ ಬಂದ ಸೋಂಕಿಗೆ ಪರಿಹಾರ ಕೇಳುವ ಹಕ್ಕು ದುಡಿಯುವವರಿಗೆ ಇದೆ ಎಂಬುದೇ ಬಹುಮಂದಿಗೆ ತಿಳಿಯದು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೋಂಕು ರೋಗಗಳನ್ನೂ ಸೇರಿಸಿತ್ತು: ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸ, ಪಶುವೈದ್ಯಕೀಯ ಕೆಲಸ, ಪ್ರಾಣಿಗಳನ್ನೂ ಅವುಗಳ ಕಳೇಬರಗಳನ್ನೂ ನಿರ್ವಹಿಸುವ ಕೆಲಸ, ಸೋಂಕಿನ ವಿಶೇಷ ಅಪಾಯವಿರುವ ಇತರ ಕೆಲಸ. ಆ ಕಾಯಿದೆಯನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರ ಅನುಸೂಚಿಯೂ ಈ ಪಟ್ಟಿಯನ್ನು ಉಳಿಸಿಕೊಂಡಿದೆ. ಕಾಗದದ ಮೇಲೆ ಹಕ್ಕು ಇದೆ. ಆದರೆ ಕಸುಬು ಬರೆಯದ ಚೀಟಿ, ಹಾಜರಿ ಇಲ್ಲದ ಕೂಲಿ, ಮೇಸ್ತ್ರಿಯ ಮೂಲಕ ಬಂದು ಲೈನ್ ಮನೆಯಲ್ಲಿ ತಂಗಿ ಹಂಗಾಮು ಮುಗಿದೊಡನೆ ಊರಿಗೆ ಮರಳುವ ವಲಸೆಯ ಆಳು ಇವರಿಗೆ ಆ ಹಕ್ಕನ್ನು ರುಜುವಾತು ಮಾಡಲು ಯಾವ ಆಧಾರವಿದೆ? ಅಸ್ಸಾಮಿನಿಂದ ಬಂದ ಕುಟುಂಬಕ್ಕೆ ಕನ್ನಡದ ಎಚ್ಚರಿಕೆ ಫಲಕ ಓದಲು ಬಾರದು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಅಲ್ಲಿಯ ವೈದ್ಯನಿಗೆ ಮಂಗನ ಕಾಯಿಲೆಯ ಹೆಸರೇ ಹೊಳೆಯದು.

ಮನೆ ಮನೆಗೆ ನಡೆದು ಜ್ವರದ ಲೆಕ್ಕ ತರುವ ಆಶಾ ಕಾರ್ಯಕರ್ತೆಯರ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. ಕೊರೋನಾ ಕಾಲದ ನಡುವೆ, 2020ರ ಜುಲೈನಲ್ಲಿ, ಮಾಸಿಕ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿಗಾಗಿ ಅವರು ರಾಜ್ಯವ್ಯಾಪಿ ಮುಷ್ಕರ ಹೂಡಬೇಕಾಯಿತು. ‘ಕಾರ್ಯಕರ್ತೆ’ ಎಂಬ ಗೌರವದ ಪದ ‘ನೌಕರಳು’ ಎಂಬ ಹಕ್ಕಿನ ಪದವನ್ನು ಮರೆಮಾಡಬಾರದು.

ಸಣ್ಣ ಬೆಳೆಗಾರರ ಅಳಲೂ ಸುಳ್ಳಲ್ಲ. ಎರಡು ಮೂರು ಎಕರೆಯ ತೋಟದವನು ತಾನೂ ಆಳಿನ ಜೊತೆಗೇ ದುಡಿಯುತ್ತಾನೆ. ಉಣುಗು ಆತನನ್ನೂ ಕಚ್ಚುತ್ತದೆ. ಬಿಸಿನೀರಿನ ಹಂಡೆ, ಗಂಬೂಟು, ವಿಮೆ ಎಲ್ಲವನ್ನೂ ಆತನೊಬ್ಬನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಸಹಕಾರ ಸಂಘಗಳು, ಹಾಲು ಉತ್ಪಾದಕರ ಸಂಘಗಳು, ಪಂಚಾಯಿತಿಗಳು ಈ ಹೊರೆಯನ್ನು ಹಂಚಿಕೊಳ್ಳಬೇಕು. ಹಾಲಿನ ಜಿಡ್ಡಿನಂಶ ಅಳೆಯುವ ಸಂಘಕ್ಕೆ ಹಾಲು ಕರೆಯುವವರ ಕೈಗೆ ಒಂದು ಜೊತೆ ಕೈಗವಸು ಒದಗಿಸುವುದು ಅಸಾಧ್ಯವೇನಲ್ಲ.

ಇನ್ನೊಂದು ಅಪಸ್ವರವೂ ಆಗಾಗ ಕೇಳಿಬರುತ್ತದೆ: ಕಾಡಿನಿಂದಲೇ ರೋಗ ಬರುವುದಾದರೆ ಕಾಡನ್ನು ಸವರಿಬಿಡಬಾರದೇಕೆ, ಮಂಗಗಳನ್ನು ಓಡಿಸಬಾರದೇಕೆ ಎಂದು. ಬೆಳ್ತಂಗಡಿಯ ಅನುಭವವೇ ಅದಕ್ಕೆ ಉತ್ತರ. ಕಾಡನ್ನು ಕೆಣಕಿದಲ್ಲಿಯೇ ರೋಗ ಉಲ್ಬಣಿಸಿತು. ಮಂಗ ರೋಗದ ಅಪರಾಧಿಯಲ್ಲ, ಅದಕ್ಕೆ ಮೊದಲು ಬಲಿಯಾಗುವ ಜೀವಿ. ಅದರ ಸಾವು ಊರಿಗೆ ಸಿಗುವ ಎಚ್ಚರಿಕೆ. ಸತ್ತ ಮಂಗನನ್ನು ಗುಟ್ಟಾಗಿ ಹೂತು ಸುಮ್ಮನಾಗುವುದು, ಉರಿಯುವ ಮನೆಯಲ್ಲಿ ಗಂಟೆಯ ನಾಲಗೆ ಕಿತ್ತಂತೆ. ಕಳೇಬರವನ್ನು ಮುಟ್ಟದೆ ಕೂಡಲೇ ಆರೋಗ್ಯ ಮತ್ತು ಅರಣ್ಯ ಇಲಾಖೆಗಳಿಗೆ ತಿಳಿಸಬೇಕು. ಅಲ್ಲಿ ಕೀಟನಾಶಕ ಪುಡಿ ಎರಚುವ ದಿನಗೂಲಿಯವನಿಗೆ ಉಣುಗಿನದೂ ವಿಷದದೂ ಎರಡು ಅಪಾಯವಿದೆ ಎಂಬುದನ್ನು ಇಲಾಖೆಗಳು ಮರೆಯಬಾರದು.

ಮುಂದಿನ ಹಂಗಾಮಿನೊಳಗೆ ಆಗಬೇಕಾದ ಕೆಲಸ ಹೆಚ್ಚೇನಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯು ಅಕ್ಟೋಬರ್ ಮುಗಿಯುವುದರೊಳಗೆ ಗ್ರಾಮಸಭೆಯಲ್ಲಿ ತನ್ನ ಊರಿನ ಕಸುಬುಗಳ ಪಟ್ಟಿ ಮಾಡಿ, ಒಂದೊಂದರ ಎದುರೂ ಸೋಂಕಿನ ಬಗೆ ಮತ್ತು ತಿಂಗಳನ್ನು ಬರೆಯಲಿ. ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಹೆಸರಿಗಷ್ಟೇ ಉಳಿಯದೆ ಒಟ್ಟಿಗೆ ಕುಳಿತು ಈ ಪಟ್ಟಿಯನ್ನು ತಿದ್ದಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ‘ಕಳೆದ ಒಂದು ತಿಂಗಳಲ್ಲಿ ಮಾಡಿದ ಕೆಲಸ’ ಎಂಬ ಒಂದು ಸಾಲು ಸೇರಲಿ. ಹಾಸನ, ಬೇಲೂರು, ಅರಸೀಕೆರೆಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಅಜ್ಜಿ, ತಾಯಿ, ಅಣ್ಣಂದಿರ ಒಂದು ದಿನದ ಕೆಲಸವನ್ನು ಗಂಟೆ ಗಂಟೆಗೆ ಬರೆದು ತಂದರೆ ಯಾವ ಸರ್ಕಾರಿ ವರದಿಗೂ ದೊರೆಯದ ದಾಖಲೆ ಊರಿನ ಕೈಗೆ ಬರುತ್ತದೆ.

ಕಾಫಿಯ ತೇವಾಂಶವನ್ನೂ ಹಾಲಿನ ಜಿಡ್ಡನ್ನೂ ಕೊಬ್ಬರಿಯ ತೂಕವನ್ನೂ ಅಳೆಯಲು ಕಲಿತ ಸೀಮೆಯಿದು. ಅವನ್ನು ಬೆಳೆದು, ಕರೆದು, ಒಣಗಿಸಿ ಕೊಡುವ ಜೀವದ ಅಪಾಯವನ್ನು ಅಳೆಯಲು ಮಾತ್ರ ಇಲ್ಲಿ ಯಾರಿಗೂ ಬಿಡುವಾಗಿಲ್ಲ. ಈ ಸಲ ಕುಯ್ಲಿನ ಬುಟ್ಟಿ ಹೊರಗೆ ತೆಗೆಯುವ ಮೊದಲು ಆ ಅಳತೆಯಾಗಲಿ.